ಒಣಗಿದ ಕಾಯಿಯೊಳಗಿನ ನೀರು

ಬಸ್ಸು ನಡುದಾರಿಯಲ್ಲಿ ಕೆಟ್ಟು ನಿಲ್ಲಬಹುದಿತ್ತು. ಬಿಸಿಲಿಗೆ ನನ್ನ ಬಿಪಿ ಏರಬಹುದಿತ್ತು. ಬೀದಿಬದಿಯ ಚಟ್ನಿ ಹೊಟ್ಟೆ ಕೆಡಿಸಬಹುದಿತ್ತು. ಓಣಿಯ ನಾಯಿ ಕಚ್ಚಬಹುದಿತ್ತು, ಭಾನುವಾರವಾದ್ದರಿಂದ ಸೂಜಿ ಹಾಕುವವರು ಸಿಗದೆ ಹೋಗಬಹುದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ನನ್ನ ಹೆಂಡತಿ ಶೈಲಾ ಮೊದಲ ತುತ್ತಿಗೇ ತಟ್ಟೆ ಕೆಳಗಿಟ್ಟು, ಮಾತಿಲ್ಲದೆ ಬಸ್‌ಸ್ಟ್ಯಾಂಡಿನ ಕಡೆ ನಡೆದುಬಿಡಬಹುದಿತ್ತು. ನಾನು ದೆವ್ವ, ಪವಾಡಗಳನ್ನು ನಂಬಿದವನಲ್ಲ. ನಾನು ನಂಬುವುದು ಅನಾಹುತಗಳನ್ನು ಮಾತ್ರ. ಆದ್ದರಿಂದ ಈಗ ಹೇಳಲಿರುವುದನ್ನು ಬೇರೆ ಯಾರಾದರೂ ನನಗೆ ಹೇಳಿದ್ದರೆ, ಎದುರಿಗೆ ತಲೆಯಾಡಿಸಿ ಮನೆಗೆ ಬಂದ ಮೇಲೆ ನಗುತ್ತಿದ್ದೆ.

ಇದು ನಡೆಯುವುದಕ್ಕೆ ಎರಡು ವರ್ಷ ಮೊದಲು ಶೈಲಾಗೆ ಜ್ವರ ಬಂದಿತ್ತು. ಜ್ವರವೇನೋ ಹೋಯಿತು, ಹೋಗುವಾಗ ಬಾಯಿಯ ರುಚಿಯನ್ನೂ ಮೂಗಿನ ವಾಸನೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಅದೇ ಜ್ವರ ಬಂದ ಉಳಿದವರಿಗೆಲ್ಲ ಅವು ತಿಂಗಳೊಳಗೆ ಮರಳಿದವು, ಇವಳಿಗೆ ಮಾತ್ರ ಇಲ್ಲ. ಡಾಕ್ಟರು "ಬರಬಹುದು" ಅಂದರು. ಆ "ಬಹುದು" ನನ್ನ ನಿದ್ದೆ ಕೆಡಿಸಿತು. ಗ್ಯಾಸ್ ಸೋರಿದರೆ ಅವಳಿಗೆ ತಿಳಿಯುವುದಿಲ್ಲವಲ್ಲ ಎಂದು ನಾನು ಹೊತ್ತುಹೊತ್ತಿಗೆ ಅಡುಗೆಮನೆಗೆ ಹೋಗಿ ಗಾಳಿ ಮೂಸುತ್ತಿದ್ದೆ. ಅವಳು ಊಟವನ್ನು ಮಾತ್ರೆ ನುಂಗಿದಂತೆ ನುಂಗುತ್ತಿದ್ದಳು. ಯಾರ ಮನೆಯವರು ಊಟಕ್ಕೆ ಕರೆದರೂ ಹೋಗುವುದನ್ನು ಬಿಟ್ಟಳು. ದಿನೇದಿನೇ ಸಣ್ಣಗಾಗುತ್ತಿದ್ದಳು.

ಅವಳು ಸಣ್ಣಗಾದದ್ದನ್ನು ನನಗಿಂತ ಮೊದಲು ಕಂಡವರು ನಮ್ಮೂರ ಪಕ್ಕದ ಪೇಟೆ ತಿಪಟೂರಿನ ನಸೀಮಾ. ಅವಳ ರವಿಕೆ ಹೊಲಿಯುವ ಟೈಲರ್. ವಾರವೆಲ್ಲ ಹೊಲಿಗೆ ಮಿಷಿನ್ ಮುಂದೆ ಕೂರುವ ಈ ಹೆಂಗಸು, ಭಾನುವಾರ ಸಂಜೆ ಮಾತ್ರ ಬಂದವರನ್ನು ಪೇಟೆಯ ಓಣಿಗಳಲ್ಲಿ ನಡೆಸಿಕೊಂಡು ಹೋಗಿ, ಒಂದೊಂದು ಕಡೆ ಒಂದೊಂದು ತಿಂಡಿ ತಿನ್ನಿಸಿ ಅದರ ಕಥೆ ಹೇಳುತ್ತಾರೆ. "ಒಂದ್ಸಲ ಅಕ್ಕನ್ನ ಕರ್ಕೊಂಬನ್ನಿ ಸಾರ್, ತಿನ್ನದಿದ್ರೂ ಪರವಾಗಿಲ್ಲ, ನಡೀಲಿ" ಅಂದರು.

ಶೈಲಾ ನಕ್ಕಳು. "ಹುಟ್ಟಿದಾಗಿಂದ ಓಡಾಡಿರೋ ಊರು. ಅದ್ನ ದುಡ್ಡು ಕೊಟ್ಟು ನೋಡೋದು ಬೇರೆ. ರುಚಿ ಇಲ್ದೋಳ್ನ ತಿಂಡಿ ಬೀದಿಗೆ ಕರ್ಕೊಂಡೋಗೋದೂ ಒಂದೆ, ಕಣ್ಣಿಗೆ ಬಟ್ಟೆ ಕಟ್ಟಿ ಸಿನಿಮಾಕ್ಕೆ ಕೂರ್ಸೋದೂ ಒಂದೆ ಕಣ್ರೀ."

ಆದರೂ ಬಂದಳು. ಬಹುಶಃ ನನ್ನ ಮುಖ ನೋಡಲಾಗದೆ.

ಅವತ್ತು ಬೇರೆ ಯಾರೂ ಇರಲಿಲ್ಲ, ನಾವಿಬ್ಬರೇ. ತಟ್ಟೆ ಇಡ್ಲಿ, ಕಾಯಿಸಾಸಿವೆ ಚಿತ್ರಾನ್ನ, ಮಸೀದಿ ಹಿಂದಿನ ಓಣಿಯ ಸಮೋಸ. ಶೈಲಾ ಎಲ್ಲದರಲ್ಲೂ ಒಂದು ಚೂರು ಬಾಯಿಗಿಟ್ಟು, ಮಾಡಿದವರ ಮುಖ ನೋಡಿ, "ಮೆತ್ತಗಿದೆ", "ಬಿಸಿಯಾಗಿದೆ", "ಗರಿಗರಿ" ಅನ್ನುತ್ತಿದ್ದಳು. ಅದರಾಚೆಗೆ ಅವಳ ಬಳಿ ಹೇಳಲು ಏನೂ ಇರಲಿಲ್ಲ. ಮೂರನೆಯ ಸಲ "ಗರಿಗರಿ" ಅಂದಾಗ, ಕರೆತಂದು ತಪ್ಪು ಮಾಡಿದೆನೇನೋ ಅನ್ನಿಸಿತು.

ಕೊನೆಯದು ಕೊಬ್ಬರಿ ಮಾಡುವ ಪುಟ್ಟಸ್ವಾಮಣ್ಣನ ಮನೆ. ನಮ್ಮ ಕಡೆ ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟದಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಆಗಿದೆಯೋ ಇಲ್ಲವೋ ತಿಳಿಯಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಸಾಕು. ಒಣಗಿದ್ದರೆ ಲೊಟಲೊಟ ಅನ್ನುತ್ತದೆ, ನೀರಿದ್ದರೆ ಕುಲುಕುತ್ತದೆ. ಇದರಲ್ಲಿ ಇಲ್ಲಿನವರ ಕಿವಿ ತಪ್ಪುವುದಿಲ್ಲ. ಪುಟ್ಟಸ್ವಾಮಣ್ಣ ಅಟ್ಟದಿಂದಿಳಿಸಿದ ಕಾಯಿಗಳನ್ನು ಸುಲಿದು ರಾಶಿ ಹಾಕಿದ್ದರು. ಬಂದವರು ತಮಗೆ ಬೇಕಾದ್ದನ್ನು ಆರಿಸಿ, ಸದ್ದು ಕೇಳಿ ಕೊಟ್ಟರೆ ಅವರು ಒಡೆದು ಕೊಬ್ಬರಿಯ ಜೊತೆ ಬೆಲ್ಲ ಕೊಡುತ್ತಾರೆ.

ಶೈಲಾ ಒಂದು ಕಾಯಿ ಎತ್ತಿಕೊಂಡಳು. ಅಲ್ಲಾಡಿಸಿದಳು. ನನಗೆ ಕೊಟ್ಟಳು, ನಾನೂ ಅಲ್ಲಾಡಿಸಿದೆ. ಚೆನ್ನಾಗಿ ಲೊಟಲೊಟ ಅಂತು. ನಸೀಮಾ ಕೇಳಿದರು, ಪುಟ್ಟಸ್ವಾಮಣ್ಣ ಕೇಳಿದರು.

"ಒಣಗಿ ಗೋಲಿ ಆಗೈತೆ ಕಣವ್ವ. ತತ್ತಾ, ಒಡೀತೀನಿ."

"ಇದರಲ್ಲಿ ನೀರಿದೆ" ಅಂದಳು ಶೈಲಾ.

"ನೀರಾ? ನಾನು ಹುಟ್ಟಿದ್ದೇ ಈ ಸದ್ದೊಳಗೆ ಕಣವ್ವ. ನೀರಿದ್ರೆ ಮೀಸೆ ಬೋಳಿಸ್ಕೊತೀನಿ ಬುಡು."

"ನಾಳೆ ಬೋಳು ಮೂತಿ ನೋಡಕ್ಕೆ ನಾನೇ ಬತ್ತೀನಿ" ಅಂದರು ನಸೀಮಾ.

ಪುಟ್ಟಸ್ವಾಮಣ್ಣ ಮಚ್ಚಿನ ಹಿಂಬದಿಯಿಂದ ಒಂದೇಟು ಹಾಕಿದರು. ನೀರು ಚಿಮ್ಮಿ ಅವರ ಅಂಗಿಯ ಎದೆ ತೊಯ್ದಿತು. ಕಾಯಿ ಎರಡಾಗಿತ್ತು. ಒಳಗೆ ದಪ್ಪನೆಯ ಹಸಿ ತಿರುಳು ಚಿಪ್ಪಿಗೆ ಗಟ್ಟಿಯಾಗಿ ಅಂಟಿಕೊಂಡಿತ್ತು. ಅಲ್ಲಾಡುವಂಥದ್ದು, ಸದ್ದು ಮಾಡುವಂಥದ್ದು ಒಳಗೆ ಏನೂ ಇರಲಿಲ್ಲ. ಪುಟ್ಟಸ್ವಾಮಣ್ಣನ ಕೈ ತಾನಾಗಿ ಮೀಸೆಗೆ ಹೋಯಿತು. ಯಾರೂ ನಗಲಿಲ್ಲ.

ಶೈಲಾ ಕೆಳಗಿನ ಹೋಳಲ್ಲಿ ಉಳಿದಿದ್ದ ನೀರನ್ನು ಬಾಯಿಗೆತ್ತಿದಳು. "ಹಳೇ ಕಾಯಿ ಕಣೇ, ಕುಡೀಬೇಡ" ಎಂದು ನಾನು ಕೈ ಚಾಚುವಷ್ಟರಲ್ಲಿ ಮುಗಿದಿತ್ತು. ಅವಳು ನಾಲಿಗೆಯಿಂದ ತುಟಿ ಸವರಿಕೊಂಡಳು. ಆಮೇಲೆ ಮೆಲ್ಲಗೆ, "ಸಿಹಿ ಇದೆ" ಅಂದಳು.

ನನಗೆ ಅರ್ಥವಾಗಲಿಲ್ಲ. ಏನು ಅಂದೆ.

"ಸಿಹಿ ಕಣ್ರೀ. ನೀರು ಸಿಹಿ ಇದೆ."

ನಸೀಮಾ ಬೆಲ್ಲದ ಚೂರು ಕೊಟ್ಟರು. ಅದೂ ಸಿಹಿ. ನಸೀಮಾ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ಮಾತ್ರ, ಹೊಟ್ಟೆ ಕೆಟ್ಟರೆ ಯಾವ ಮಾತ್ರೆ ಕೊಡಬೇಕು ಎಂದು ಜೇಬು ತಡಕುತ್ತ ನಿಂತಿದ್ದೆ. ಅದು ನನ್ನ ಹಣೆಬರಹ.

ಇದಾಗಿ ಕೆಲವು ವರ್ಷಗಳಾದವು. ಅವತ್ತು ಬಂದದ್ದು ಸಿಹಿ ಮಾತ್ರ. ಉಪ್ಪು, ಹುಳಿ ಒಂದೊಂದಾಗಿ ಆಮೇಲೆ ಬಂದವು. ಕಾಫಿಯ ವಾಸನೆ ಈಗಲೂ ಪೂರ್ತಿ ಬಂದಿಲ್ಲ, ಆದರೆ ಬರುತ್ತದೆ ಎಂದು ನಾವಿಬ್ಬರೂ ಕಾಯುತ್ತಿದ್ದೇವೆ. ನಾನೂ, ಎಂಬುದನ್ನು ಗಮನಿಸಬೇಕು. ಡಾಕ್ಟರು, ನರಗಳು ತಾವಾಗೇ ಚೇತರಿಸಿಕೊಳ್ಳುತ್ತವೆ ಅಂದರು. ಅದನ್ನು ಒಪ್ಪುತ್ತೇನೆ. ರಾಶಿಯಲ್ಲಿ ಒಂದು ಹಸಿ ಕಾಯಿ ಸೇರಿಕೊಂಡಿತ್ತು ಅಂದರೆ ಅದನ್ನೂ ಒಪ್ಪುತ್ತೇನೆ. ಆದರೆ ಹಸಿ ಕಾಯಿ ಲೊಟಲೊಟ ಅನ್ನುವುದಿಲ್ಲ. ಮೂರು ಜನರ ಕಿವಿ ಒಟ್ಟಿಗೆ ತಪ್ಪಿತು ಅನ್ನೋಣವೆಂದರೆ, ಅವುಗಳಲ್ಲಿ ಒಂದು ಪುಟ್ಟಸ್ವಾಮಣ್ಣನದು. ಮುಂದೊಮ್ಮೆ ಸಿಕ್ಕಾಗ ಕೇಳಿದೆ. "ಉಳಿದ ಕಾಯಿನೆಲ್ಲ ಒಡೆದು ನೋಡ್ದೆ ಸ್ವಾಮಿ, ಎಲ್ಲಾ ಒಣಕಲೇ. ಅದುನ್ನ ಕೆದಕಬ್ಯಾಡಿ, ಒಳ್ಳೇದಾಯ್ತಲ್ಲ, ಬುಡಿ" ಅಂದರು. ನಾನು ಬಿಟ್ಟಿಲ್ಲ. ಈಗಲೂ ಮನೆಯಲ್ಲಿ ಕಾಯಿ ಒಡೆಯುವ ಮುಂಚೆ ಅಲ್ಲಾಡಿಸುತ್ತೇನೆ. ಏನೂ ಹೊಳೆಯುವುದಿಲ್ಲ.

ಅವತ್ತು ಕೆಟ್ಟದ್ದು ಅಂತ ನಡೆದದ್ದು ಒಂದೇ. ವಾಪಸು ಬರುವಾಗ ಬಸ್‌ಸ್ಟ್ಯಾಂಡಿನ ಪಕ್ಕದ ಬೇಕರಿಯಲ್ಲಿ ಕೊಬ್ಬರಿ-ಸಕ್ಕರೆ ತುಂಬಿದ ದಿಲ್‌ಪಸಂದ್ ಒಂದೇ ಒಂದು ಉಳಿದಿತ್ತು. ಅದನ್ನು ಶೈಲಾ ಕೊಂಡು, ನನಗೆ ಬೆನ್ನು ತಿರುಗಿಸಿ ನಿಂತು, ಪೂರ್ತಿ ಒಬ್ಬಳೇ ತಿಂದಳು. ನನಗೆ ಸಿಕ್ಕಿದ್ದು ಕಾಗದಕ್ಕೆ ಅಂಟಿದ್ದ ಪುಡಿ.