ಸ್ಕಾಟ್ಲೆಂಡಿನಲ್ಲಿ ಅಂಗಾತ ಬಿದ್ದ ಕುರಿ

ಎರಡು ವರ್ಷದ ಹಿಂದೆ ಬೇಸಿಗೆ ರಜೆಯಲ್ಲಿ ನಾನೂ ನಮ್ಮ ಯಜಮಾನರೂ ಸ್ಕಾಟ್ಲೆಂಡಿಗೆ ಹೋಗಿದ್ದೆವು. ಗೌರಿಬಿದನೂರಿನಲ್ಲಿ ಈ ವಿಷಯ ಹೇಳಿದರೆ ಈಗಲೂ "ಅದು ಲಂಡನ್ನಲ್ಲಿ ಎಲ್ಲಿ ಬರುತ್ತೆ ಮೇಡಂ?" ಎಂದು ಕೇಳುವವರಿದ್ದಾರೆ. ಯಜಮಾನರ ಅಕ್ಕನ ಮಗಳು ಪವಿತ್ರ ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ನರ್ಸ್. ಅವಳು ಕರೆದಳೆಂದು ಹೋದದ್ದು. ಹೋದ ಮೂರನೇ ದಿನಕ್ಕೇ ಅವಳ ರಜೆ ರದ್ದಾಯಿತು.

"ಮಾವ, ಬಾಡಿಗೆ ಕಾರು ಹೇಳಿದೀನಿ. ನೀವೂ ಅತ್ತೇನೂ ಎರಡು ದಿನ ಸುತ್ತಾಡ್ಕೊಂಡು ಬನ್ನಿ. ಇಲ್ಲೂ ಎಡಗಡೇನೇ ಓಡ್ಸೋದು" ಎಂದಳು. ಹೊರಡುವಾಗ ಮತ್ತೆ ಕರೆದು, "ರಸ್ತೆ ಮೇಲೆ ಕುರಿ ಇರ್ತವೆ, ಹುಷಾರು. ಏನಾದ್ರೂ ಗುದ್ದಿದ್ರೆ ಪೊಲೀಸ್‌ಗೆ ಹೇಳ್ಬೇಕಾಗುತ್ತೆ" ಎಂದು ಸೇರಿಸಿದಳು.

ಯಜಮಾನರು ಚಿಕ್ಕಬಳ್ಳಾಪುರದ ಕಾಲೇಜೊಂದರಲ್ಲಿ ಗುಮಾಸ್ತರು. ದಿನಾ ಗೌರಿಬಿದನೂರಿನಿಂದ ಕಾರಿನಲ್ಲೇ ಓಡಾಡುತ್ತಾರೆ, ಹಾಗಾಗಿ ಕಾರಿಗೆ ಹೆದರುವವರಲ್ಲ. ಹೆದರುವುದು ಇಂಗ್ಲಿಷ್ ಮಾತಿಗೆ. ಚಿಂತಾಮಣಿ ಕಡೆಯ ಹಳ್ಳಿಯವರು, ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ಇಂಗ್ಲಿಷ್ ಫೈಲಿಗೆ ಮಾತ್ರ. "ನೀನಿದೀಯಲ್ಲ ಇಂಗ್ಲಿಷ್ ಮೇಡಂ, ಮಾತೆಲ್ಲ ನಿಂದು, ಸ್ಟೀರಿಂಗ್ ನಂದು" ಎಂದರು. ನಾನು ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಇಂಗ್ಲಿಷ್ ಪಾಠ ಮಾಡುವವಳು. ಆಗಲಿ ಬಿಡಿ ಎಂದು ಸ್ವಲ್ಪ ಬೀಗಿಯೇ ಕೂತೆ.

ಊರು ದಾಟಿದ ಮೇಲೆ ರಸ್ತೆ ಒಂದೇ ಕಾರಿನ ಅಗಲಕ್ಕೆ ಬಂತು. ಎದುರಿನಿಂದ ಗಾಡಿ ಬಂದರೆ, ಅಲ್ಲಲ್ಲಿ ಬಿಟ್ಟಿರುವ ಅಗಲದ ಜಾಗದಲ್ಲಿ ಒಬ್ಬರು ಸರಿದು ನಿಲ್ಲಬೇಕು. ದಾಟಿ ಹೋಗುವವರು ಕೈಯೆತ್ತಿ ವಂದಿಸುತ್ತಾರೆ. ಇದು ನಮ್ಮ ಯಜಮಾನರಿಗೆ ಭಾರಿ ಹಿಡಿಸಿತು. "ಏನ್ ಮರ್ಯಾದೆ ನೋಡೇ ಈ ಜನಕ್ಕೆ!" ಎಂದು, ಎದುರು ಬಂದವರಿಗೆಲ್ಲ ಸ್ಟೀರಿಂಗ್ ಬಿಟ್ಟು ಎರಡೂ ಕೈ ಜೋಡಿಸತೊಡಗಿದರು.

"ರೀ, ಒಂದು ಕೈ ಸಾಕು ರೀ!" ಎಂದು ನಾನು ಕೂಗಿಕೊಂಡೆ.

ಎರಡೂ ಕಡೆ ಹಸಿರು ಬೆಟ್ಟ, ಮಧ್ಯೆ ಉದ್ದಕ್ಕೂ ನೀರು. ಜಿಟಿಜಿಟಿ ಮಳೆ. ಯಜಮಾನರು ಅದನ್ನೇ ನೋಡುತ್ತ, "ಇಂಥದ್ದೊಂದು ಕೆರೆ ನಮ್ಮ ಚಿಂತಾಮಣಿ ಪಕ್ಕ ಇದ್ದಿದ್ರೆ..." ಎಂದು ನಿಟ್ಟುಸಿರು ಬಿಟ್ಟರು. ಆಗಲೇ ಒಂದು ತಿರುವಿನಲ್ಲಿ ಕಾರು 'ದಡ್' ಎಂದಿತು. ಹಿಂತಿರುಗಿ ನೋಡಿದರೆ, ರಸ್ತೆ ಪಕ್ಕದ ಹುಲ್ಲಿನಲ್ಲಿ ದೊಡ್ಡ ಕುರಿಯೊಂದು ಅಂಗಾತ ಬಿದ್ದಿತ್ತು. ನಾಲ್ಕೂ ಕಾಲು ಆಕಾಶಕ್ಕೆ.

"ರೀ, ಕುರಿ ಹೋಯ್ತು ರೀ! ನಿಲ್ಸಿ!"

"ಗುಂಡಿ ಕಣೇ ಅದು, ಚಕ್ರ ಗುಂಡಿಗೆ ಬಿತ್ತು."

"ಗುಂಡಿ ಆದ್ರೆ ಕುರಿ ಯಾಕೆ ಹಂಗ್ ಬಿದ್ದಿದೆ?"

ಅವರು ಕಾರು ನಿಲ್ಲಿಸಿದರು. ಇಬ್ಬರೂ ಇಳಿದು ಓಡಿದೆವು. ಪರದೇಶದಲ್ಲಿ ಪೊಲೀಸು, ಸ್ಟೇಷನ್ನು, ಪವಿತ್ರಳ ಕೆಲಸಕ್ಕೆ ಕುತ್ತು, ಎಲ್ಲವೂ ಕಣ್ಣ ಮುಂದೆ ಬಂತು. ಅಷ್ಟರಲ್ಲಿ ಹಿಂದಿನಿಂದ ಕೆಸರು ಮೆತ್ತಿದ ಜೀಪೊಂದು ಬಂದು ನಿಂತು, ಮೊಣಕಾಲುದ್ದದ ಬೂಟು ತೊಟ್ಟ ಅಜ್ಜಿಯೊಬ್ಬರು ಇಳಿದು ನಮ್ಮ ಕಡೆಗೇ ದಾಪುಗಾಲು ಹಾಕಿದರು. ಕುರಿ ಅವರದೇ ಎಂದು ಆ ನಡಿಗೆಯಲ್ಲೇ ಗೊತ್ತಾಯಿತು.

ನಾನು ಸೀರೆ ಸರಿಮಾಡಿಕೊಂಡು, ಕರ್ತೃ, ಕರ್ಮ, ಕ್ರಿಯಾಪದ ಎಲ್ಲ ಸರಿಯಾಗಿರುವ ಒಂದು ಇಂಗ್ಲಿಷ್ ವಾಕ್ಯದಲ್ಲಿ ನಮ್ಮ ನಿರಪರಾಧಿತ್ವವನ್ನು ನಿವೇದಿಸಿದೆ. ಅಜ್ಜಿ ಏನೋ ಉತ್ತರ ಕೊಟ್ಟರು. ನನಗೆ ಒಂದಕ್ಷರ ತಿಳಿಯಲಿಲ್ಲ. 'ಪಾರ್ಡನ್' ಎಂದೆ. ಅವರು ಇನ್ನೂ ಗಟ್ಟಿಯಾಗಿ ಹೇಳಿದರು. ಮತ್ತೆ 'ಪಾರ್ಡನ್' ಎಂದೆ. ಅದು ಇಂಗ್ಲಿಷೇ ಹೌದೋ ಅಲ್ಲವೋ ಎಂದು ನನಗೆ ಅನುಮಾನ ಶುರುವಾಯಿತು. ಇಪ್ಪತ್ತೆರಡು ವರ್ಷ ನಾನು ಮಕ್ಕಳಿಗೆ ಹೇಳಿಕೊಟ್ಟಿದ್ದಾದರೂ ಏನು?

ಯಜಮಾನರು ಆಗಲೇ ಕುರಿಯ ಪಕ್ಕ ಮೊಣಕಾಲೂರಿ ಕೂತಿದ್ದರು. "ಜೀವ ಇದೆ ಕಣೇ, ಏಟೂ ಬಿದ್ದಿಲ್ಲ. ಅಜ್ಜಿ ಬೈತಿಲ್ಲ. ಉಣ್ಣೆ ನೆನೆದು ಭಾರ ಆಗಿದೆ, ತಾನಾಗೇ ಹೊರಳಕ್ಕಾಗ್ತಿಲ್ಲ, ಹಿಂಗೇ ಬಿಟ್ರೆ ಹೊಟ್ಟೆ ಉಬ್ಬಿ ಸಾಯುತ್ತೆ ಅಂತಿದಾರೆ."

"ನಿಮಗೆ ಹೆಂಗ್ ಅರ್ಥ ಆಯ್ತು?"

"ಕುರಿ ಇಟ್ಕೊಂಡಿರೋರು ಇನ್ನೇನು ಹೇಳ್ತಾರೆ?"

ನಮ್ಮ ಮಾವನವರ ಮನೆಯಲ್ಲಿ ಕುರಿಮಂದೆ ಇತ್ತು. ಇವರು ಬೆಳೆದದ್ದು ಅದರ ನಡುವೆ. ಇವರು ಕೈಸನ್ನೆಯಲ್ಲಿ "ಈ ಕಡೆಯಿಂದ ತಳ್ಳಲಾ?" ಎಂದು ಕೇಳಿದರೆ ಅಜ್ಜಿ "ಆಯ್, ಆಯ್" ಎಂದರು.

"ಆಯ್ತು ಅಂತಿದಾರೆ ನೋಡು! ಕನ್ನಡ ಬರುತ್ತೆ ಇವರಿಗೆ!"

'ಆಯ್' ಎಂದರೆ ಅಲ್ಲಿ 'ಹೌದು' ಎಂದರ್ಥವಂತೆ. ಪವಿತ್ರ ಆಮೇಲೆ ಹೇಳಿದಳು. ಆಗ ಮಾತ್ರ ಯಜಮಾನರನ್ನು ಹಿಡಿಯುವವರಿರಲಿಲ್ಲ. "ಲೇ ತಲ್ಲೀ, ಲೇ", ಏಳು ತಾಯೀ ಏಳು, ಎಂದು ಕುರಿಯನ್ನು ತೆಲುಗಿನಲ್ಲಿ ಎಬ್ಬಿಸತೊಡಗಿದರು. ಅಜ್ಜಿಯೂ ಮೊದಲು ಅವರ ಮುಖ ನೋಡಿ, ಆಮೇಲೆ ತಾವೂ "ಲೇ ತಲ್ಲಿ" ಎಂದು ಹೇಳುತ್ತ ಕೈ ಕೊಟ್ಟರು. ಇಬ್ಬರೂ ಒಟ್ಟಿಗೆ ನೂಕಿದರು. ಕುರಿ ಉರುಳಿ, ಎದ್ದು, ಎರಡು ಹೆಜ್ಜೆ ತೂರಾಡಿ ನನ್ನ ಮೇಲೆ ಬಿತ್ತು. ನಾನು ಕಿರುಚುತ್ತಲೇ ತಬ್ಬಿ ಹಿಡಿದೆ.

"ಬಿಡಬೇಡ! ಮತ್ತೆ ಬೀಳುತ್ತೆ!" ಎಂದು ಯಜಮಾನರು ಇನ್ನೊಂದು ಪಕ್ಕ ಬಂದು ಒರಗಿ ನಿಂತರು. ಅಜ್ಜಿ ಕೈಯಾಡಿಸಿ "ಹಾಗೇ ಹಿಡಿದಿರಿ" ಎಂಬಂತೆ ಸನ್ನೆ ಮಾಡಿ, ಜೀಪಿನ ಕಡೆ ಹೋದರು. ಇದು ನನಗೂ ಅರ್ಥವಾಯಿತು. ಕುರಿ ಆ ಹೊತ್ತಿಗೆ ಸರಿಯಾಗಿ ನನ್ನ ಹೊಸ ಶೂ ಮೇಲೆ ಉಚ್ಚೆ ಹೊಯ್ದಿತು. "ಒಳ್ಳೇದು, ಒಳ್ಳೇದು! ಇನ್ನೇನ್ ಭಯ ಇಲ್ಲ!" ಎಂದು ಯಜಮಾನರು ಹಿಗ್ಗಿದರು. ಕೋಪ ಬರಬೇಕಿತ್ತು. ನಗು ಬಂತು. ಒಮ್ಮೆ ಶುರುವಾದದ್ದು ನಿಲ್ಲಲೇ ಇಲ್ಲ. ಅವರೂ ನಕ್ಕರು, ಕನ್ನಡಕದ ಮೇಲೆ ಮಳೆ ಹನಿ ಇಳಿಯುವಷ್ಟು ಹೊತ್ತು ನಕ್ಕರು.

ಅಜ್ಜಿ ಫ್ಲಾಸ್ಕಿನಲ್ಲಿ ಟೀ ತರುವವರೆಗೂ ನಾವು ಹಾಗೇ ನಿಂತಿದ್ದೆವು. ಒದ್ದೆ ಉಣ್ಣೆಯೊಳಗೆ ನನ್ನ ಕೈ ಚಳಿಗೆ ಮರಗಟ್ಟಿತ್ತು. ಯಜಮಾನರ ಕೈ ಯಾವಾಗಲೋ ಬಂದು ಅದರ ಮೇಲೆ ಕೂತಿತ್ತು. ಮದುವೆಯಾಗಿ ಇಪ್ಪತ್ತೇಳು ವರ್ಷ. ನಮ್ಮೂರಿನಲ್ಲಿ ತರಕಾರಿಗೆ ಹೋದರೂ ಅವರು ನಾಲ್ಕು ಹೆಜ್ಜೆ ಮುಂದೆ, ನಾನು ಹಿಂದೆ. ಬಯಲಿನಲ್ಲಿ, ಹಗಲು ಹೊತ್ತಿನಲ್ಲಿ, ಹೀಗೆ ನಿಂತದ್ದು ಅದೇ ಮೊದಲು.

ಇಲ್ಲಿಯವರೆಗೆ ಅವರಿಗೆ ಹೇಳದ ಒಂದು ವಿಷಯವಿದೆ. ಐದೇ ನಿಮಿಷಕ್ಕೆ ಕುರಿಯ ಕಾಲು ಗಟ್ಟಿಯಾಗಿತ್ತು. ನನ್ನ ತೊಡೆಗೆ ಒರಗಿದ್ದ ಅದರ ಭಾರ ಇಳಿದದ್ದು ನನಗೆ ಚೆನ್ನಾಗಿ ಗೊತ್ತಾಯಿತು. ಆದರೂ ಸುಮ್ಮನಿದ್ದೆ. ಕುರಿಗಳ ನಡುವೆ ಬೆಳೆದ ಮನುಷ್ಯನಿಗೆ ಅದು ನನಗಿಂತ ಮೊದಲೇ ತಿಳಿದಿರಬೇಕು. ಅವರೂ ಕೈ ತೆಗೆಯಲಿಲ್ಲ.