ಏನೂ ಕೊಡದ ಆರು ಇಲಿಗಳು

ನಾನು ನಿಂತಿದ್ದುದು ಬಂಗಾಳದ ಸಾಲ್ಟ್ ಲೇಕ್‌ನಲ್ಲಿರುವ ನಮ್ಮ ಸಂಶೋಧನಾಲಯದ ಪ್ರಾಣಿಕೋಣೆಯಲ್ಲಿ, ಬಾಗಿಲಿನಿಂದ ಎರಡನೆಯ ಕಪಾಟಿನ ಎದುರು, ಪಂಜರಗಳಿಂದ ಒಂದು ಮೊಳ ದೂರದಲ್ಲಿ. ನಾಲ್ಕು ವರ್ಷದ ಹಿಂದೆ, ದುರ್ಗಾಪೂಜೆಯ ರಜೆ ಮುಗಿದ ಮೊದಲ ಗುರುವಾರ, ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ಗಡಿಯಾರ ಎದುರಿಗೇ ಇತ್ತು. ಇಂಥ ಸಂಗತಿಗಳನ್ನು ಬೇರೆಯವರು ಹೇಳಿದರೆ, ನೀವು ಸರಿಯಾಗಿ ನೋಡಿರಲಿಕ್ಕಿಲ್ಲ ಎಂದು ನಗುತ್ತಿದ್ದವನು ನಾನು. ಅದಕ್ಕೇ ಸ್ಥಳ, ಹೊತ್ತು ಎರಡನ್ನೂ ಮೊದಲೇ ಹೇಳಿದೆ.

ಆಗ ನಾನು ಒಂದೆಲಗದ ಮೇಲೆ ಕೆಲಸ ಮಾಡುತ್ತಿದ್ದೆ. ಉಡುಪಿ ಕಡೆಯ ನಮ್ಮ ಮನೆಗಳಲ್ಲಿ ತಂಬುಳಿ ಮಾಡುವ ಎಲೆ. ಇಲ್ಲಿಯ ಬಜಾರಿನಲ್ಲಿ ಅದನ್ನೇ ಥಾನ್‌ಕುನಿ ಎಂದು ಕಟ್ಟು ಕಟ್ಟಿ ಮಾರುತ್ತಾರೆ. ಅದರ ಸಾರಕ್ಕೆ ಎರಡು ಪರೀಕ್ಷೆ. ಆಂಟಿಆಕ್ಸಿಡೆಂಟ್ ಗುಣದ್ದು ಸುಲಭ: ಸಾರ ಬೆರೆಸಿದಾಗ ನೇರಳೆ ದ್ರಾವಣ ಹಳದಿಗೆ ತಿರುಗಬೇಕು. ತಿರುಗಿತು. ಇನ್ನೊಂದು ಅಪಸ್ಮಾರದ್ದು. ಬಿಳಿ ಇಲಿಗಳಿಗೆ ವಾರವಿಡೀ ಸಾರ ಕುಡಿಸಿ, ಆಮೇಲೆ ಸೆಳವು ಬರಿಸುವ ಚುಚ್ಚುಮದ್ದು ಕೊಟ್ಟು, ಎಷ್ಟು ಹೊತ್ತಿಗೆ ಸೆಳವು ಶುರುವಾಯಿತೆಂದು ಬರೆದುಕೊಳ್ಳಬೇಕು. ಸಾರ ಕುಡಿದ ಎಂಟು ಇಲಿಗಳಲ್ಲಿ ಎರಡಕ್ಕೆ ಬಹಳ ಬೇಗ ಬಂತು. 'ಕುಡಿಸುವಾಗ ಸಾರ ಚೆಲ್ಲಿದೆ' ಎಂದು ಬರೆದು ಆ ಎರಡನ್ನೂ ಫಲಿತಾಂಶದಿಂದ ಕೈಬಿಟ್ಟೆ. ಚೆಲ್ಲಿರಲಿಲ್ಲ.

ನನ್ನ ಜೊತೆ ಸಂಶೋಧನೆ ಮಾಡುತ್ತಿದ್ದ ಧಾರವಾಡದ ಶ್ರುತಿ ಅದನ್ನು ನೋಡಿದಳು. "ಸರ, ಎರಡು ಇಲಿ ತಗದಿದ್ದಕ್ಕ ಗ್ರಾಫ್ ಭಾಳ ಚಂದ ಆಗೇತ್ರಿ. ಇನ್ನೆರಡು ತಗೀರಿ, ಪ್ರಶಸ್ತಿನೂ ಬರತೈತಿ" ಎಂದಳು. ನಾನು ಅದೇ ಗ್ರಾಫನ್ನು ಉಳಿಸಿಕೊಂಡೆ.

ಪಂಜರ ತೊಳೆದು, ಸಾರ ಕುಡಿಸುವಾಗ ಇಲಿ ಹಿಡಿದುಕೊಡುತ್ತಿದ್ದವರು ಮಿನತಿದಿ. ಅವರ ಮಗಳು ಟುಂಪಾಗೆ ಹದಿನಾರು ವರ್ಷ, ಚಿಕ್ಕಂದಿನಿಂದ ಫಿಟ್ಸ್. ಮಾತ್ರೆ ನುಂಗಿದರೆ ಶಾಲೆಯಲ್ಲಿ ತೂಕಡಿಕೆ ಬರುತ್ತದೆಂದು ಹುಡುಗಿ ದಿನಾ ಅಳುತ್ತಿದ್ದಳಂತೆ. ಒಂದು ದಿನ ಮಿನತಿದಿ ತಮ್ಮ ಬಂಗಾಳಿ ಬೆರೆತ ಹಿಂದಿಯಲ್ಲಿ ಕೇಳಿದರು: "ದಾದಾ, ನಿಜ ಹೇಳಿ. ನಿಮ್ಮ ಥಾನ್‌ಕುನಿ ಕೆಲಸ ಮಾಡುತ್ತಾ, ಇಲ್ಲ ನಮ್ಮನೆಯವರ ಹಾಗೆ ಮಾಡ್ತೀನಿ ಮಾಡ್ತೀನಿ ಅಂತ ಮಲಗಿರುತ್ತಾ?"

ನಾನು ನಕ್ಕು, ಚೆನ್ನಾಗಿಯೇ ಕೆಲಸ ಮಾಡುತ್ತಿದೆ ಎಂದೆ. 'ಇಲಿಗಳಲ್ಲಿ' ಎಂಬ ಒಂದು ಮಾತನ್ನೂ ಸೇರಿಸಲಿಲ್ಲ. ಯಾಕೆ ಕೇಳುತ್ತಿದ್ದಾರೆಂದು ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ.

ಆ ಗುರುವಾರ ಎರಡನೆಯ ಕಪಾಟಿನ ಮೇಲಿನ ಪಂಜರದಲ್ಲಿ ಆರು ಇಲಿಗಳಿದ್ದವು. ಮರುದಿನದ ಕೆಲಸಕ್ಕೆಂದು ತಂದವು; ಅವಕ್ಕೆ ಸಾರವನ್ನಾಗಲಿ ಚುಚ್ಚುಮದ್ದನ್ನಾಗಲಿ ಕೊಟ್ಟಿರಲಿಲ್ಲ. ನಾನು ಅವುಗಳ ಬಾಲದ ಗುರುತು ನೋಡುತ್ತಿದ್ದೆ. ಆರೂ ಒಟ್ಟಿಗೆ ತಿನ್ನುವುದನ್ನು ನಿಲ್ಲಿಸಿದವು. ಆರರ ಬಾಲವೂ ಒಟ್ಟಿಗೆ ಸೆಟೆದು ನಿಂತಿತು. ಆಮೇಲೆ ಒಂದೇ ಸಲಕ್ಕೆ ಪಕ್ಕಕ್ಕೆ ಬಿದ್ದು ಕಾಲು ಬಡಿಯತೊಡಗಿದವು. ನನ್ನ ಬಲಕ್ಕಿದ್ದ ಶ್ರುತಿ ಅಭ್ಯಾಸಬಲದಿಂದ ಸ್ಟಾಪ್‌ವಾಚ್ ಒತ್ತಿದಳು. ಮಿನತಿದಿ ಕೈಯಲ್ಲಿ ನೀರಿನ ಬಾಟಲಿಗಳನ್ನು ಹಿಡಿದು ನನ್ನ ಎಡಕ್ಕೆ ನಿಂತಿದ್ದರು. ನಲವತ್ತೊಂದು ಸೆಕೆಂಡಿನ ನಂತರ ಆರೂ ಎದ್ದು ಮೂತಿ ಒರೆಸಿಕೊಂಡವು.

ಜೋರು ಸದ್ದಿಗೂ ಕೆಲವು ಇಲಿಗಳಿಗೆ ಸೆಳವು ಬರುತ್ತದೆ. ಆಗ ಯಾವ ಸದ್ದೂ ಇರಲಿಲ್ಲ. ಪಕ್ಕದ ಪಂಜರದವು ಸುಮ್ಮನೆ ತಿನ್ನುತ್ತಿದ್ದವು.

ಅಷ್ಟರಲ್ಲಿ ಮಿನತಿದಿಗೆ ಫೋನ್ ಬಂತು. ಪಕ್ಕದ ಮನೆಯಾಕೆ. ಟುಂಪಾ ಒಲೆಯ ಬಳಿ ಬಿದ್ದಿದ್ದಳು. ಬಸಿಯುತ್ತಿದ್ದ ಗಂಜಿ ಚೆಲ್ಲಿ ಎಡಗೈ ಸುಟ್ಟಿತ್ತು. ಫಿಟ್ಸ್ ಬಂದರೆ ಗಡಿಯಾರ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರಿಂದ ಆಕೆ ಹೊತ್ತು ನೋಡಿದ್ದಳು: ಮೂರು ಇಪ್ಪತ್ತು.

ಟುಂಪಾಳ ಮಾತ್ರೆ ನಿಲ್ಲಿಸಿ ಹನ್ನೊಂದು ದಿನವಾಗಿತ್ತೆಂದು ನನಗೆ ಗೊತ್ತಾದದ್ದು ಮಿನತಿದಿಯ ಜೊತೆ ಆಸ್ಪತ್ರೆಗೆ ಹೋಗುವ ಟ್ಯಾಕ್ಸಿಯಲ್ಲಿ. ದಿನಾ ಬೆಳಿಗ್ಗೆ ಥಾನ್‌ಕುನಿ ಅರೆದು ಕುಡಿಸುತ್ತಿದ್ದರಂತೆ. ನನ್ನನ್ನು ಬೈಯುತ್ತಾರೆಂದು ಕಾದೆ. ಅವರು ಹೇಳಿದ್ದು ಇಷ್ಟೇ: "ಎಲೆ ಕಡಿಮೆ ಹಾಕಿದೆ ದಾದಾ. ನನ್ನದೇ ತಪ್ಪು."

ಇನ್ನೆಷ್ಟು ದೂರ ಎಂದು ನಾನು ಚಾಲಕನನ್ನು ಕೇಳಿದೆ.

ಹುಡುಗಿ ಉಳಿದಳು. ಮತ್ತೆ ಮಾತ್ರೆ ನುಂಗುತ್ತಾಳೆ. ಎಡಗೈಯ ಎರಡು ಬೆರಳು ಪೂರ್ತಿ ಮಡಚುವುದಿಲ್ಲ. ಆರು ಇಲಿಗಳನ್ನು ಪಶುವೈದ್ಯರಿಗೆ ತೋರಿಸಿದೆ, ಆಹಾರ ಪರೀಕ್ಷಿಸಿದೆ, ಅದೇ ಹೊತ್ತಿಗೆ ಎಷ್ಟೋ ಮಧ್ಯಾಹ್ನ ಪಂಜರದೆದುರು ನಿಂತು ನೋಡಿದೆ. ಮತ್ತೆ ಎಂದೂ ಹಾಗಾಗಲಿಲ್ಲ. ನಮ್ಮ ಲೇಖನ ಅಚ್ಚಾಯಿತು, ಚಂದದ ಗ್ರಾಫಿನೊಂದಿಗೆ. ಅಂದು ಕಂಡದ್ದು ಏನೆಂದು ನನಗೆ ಇಂದಿಗೂ ತಿಳಿದಿಲ್ಲ.

ಕಂಡವರು ನಾವು ಮೂವರೇ. ಉಳಿದ ಇಬ್ಬರೂ ಬದುಕಿದ್ದಾರೆ. ಶ್ರುತಿ ಧಾರವಾಡದಲ್ಲಿ ಪಾಠ ಹೇಳುತ್ತಾಳೆ. ಮಿನತಿದಿ ಈಗಲೂ ಅದೇ ಕೋಣೆಯಲ್ಲಿ ಪಂಜರ ತೊಳೆಯುತ್ತಾರೆ. ಶ್ರುತಿಯನ್ನು ಕೇಳಿದರೆ ಎಂಟು ಇಲಿಗಳಲ್ಲಿ ನಾನು ಕೈಬಿಟ್ಟ ಎರಡರ ವಿಷಯವನ್ನೂ ಹೇಳುತ್ತಾಳೆ. ಮಿನತಿದಿಗೆ ಆ ಗುರುವಾರದ ಆರರ ವಿಷಯ ಮಾತ್ರ ಗೊತ್ತು.