ನಮ್ಮ ಖೋಲಿಗೆ ಬಂದ ಲೈಬ್ರರಿ

ಎಲ್ಲಾದರೂ ಅರಗು ಕರಗಿದ ವಾಸನೆ ಬಂದರೆ ನನಗೆ ಈಗಲೂ ಮುಂಬಯಿಯ ಚೆಂಬೂರಿನ ನಮ್ಮ ಚಾಳು, ಆ ಒಂದೊಂದೇ ಕೋಣೆಯ ಸಾಲುಮನೆಗಳು, ನೆನಪಾಗುತ್ತದೆ. ಆ ಚಾಳು ಬಿದ್ದು ಎಷ್ಟೋ ಕಾಲವಾಯಿತು, ಅಲ್ಲಿದ್ದವರೂ ಒಬ್ಬೊಬ್ಬರಾಗಿ ಹೋದರು. ನಿಮಗೂ ನೆನಪು ತರುವ ಇಂಥದೊಂದು ವಾಸನೆ ಇದ್ದೀತು. ನಾವು ಅಲ್ಲಿದ್ದಾಗ, ಬಟ್ಟೆಯಲ್ಲಿ ಹೊಲಿದು, ಅರಗಿನ ಮುದ್ರೆ ಒತ್ತಿದ ಒಂದು ಕಾದಂಬರಿ ಧಾರವಾಡದ ಲೈಬ್ರರಿಯಿಂದ ರೈಲಿನಲ್ಲಿ ಬಂದಿತ್ತು. ಊರಲ್ಲಿದ್ದಾಗ ಅಜ್ಜ ಅದೇ ಕಾದಂಬರಿಯನ್ನು ಎರವಲು ತಂದು ದಿನಾ ಸಂಜೆ ಅಜ್ಜಿಗೆ ಓದಿ ಹೇಳುತ್ತಿದ್ದರಂತೆ. ಅರ್ಧಕ್ಕೆ ಬಂದಾಗ ತೀರಿಕೊಂಡರು. ಅಜ್ಜಿ ಮುಂಬಯಿಗೆ ನಮ್ಮ ಮನೆಗೆ ಬಂದಳು, ಕಥೆ ಅಲ್ಲೇ ನಿಂತಿತು. ಅದರ ಉಳಿದರ್ಧಕ್ಕಾಗಿ ಅವಳು ಹಂಬಲಿಸಿದ್ದು ಅಷ್ಟಿಷ್ಟಲ್ಲ. ಅಂಗಡಿಗಳಲ್ಲಿ ಸಿಗಲಿಲ್ಲ. ಕೊನೆಗೆ ನಮ್ಮ ಕನ್ನಡ ಸಂಘದ ಲೈಬ್ರರಿ ನೋಡಿಕೊಳ್ಳುತ್ತಿದ್ದ ಐತಾಳರು ಧಾರವಾಡಕ್ಕೆ ಬರೆದು ಎರವಲು ತರಿಸಿದರು.

ಐತಾಳರು ಉಡುಪಿ ಕಡೆಯವರು. ಹಗಲು ಹೋಟೆಲಿನ ಗಲ್ಲಾ, ಸಂಜೆ ಅದರ ಮಾಳಿಗೆಯ ಮೇಲಿನ ಲೈಬ್ರರಿ. ಚಟ್ನಿ ಎಷ್ಟು ಸಲ ಕೇಳಿದರೂ ಹಾಕಿಸಿಯಾರು, ನಿಯಮ ಮಾತ್ರ ಸಡಿಲಿಸುವವರಲ್ಲ. "ಇದು ನಮ್ಮ ಪುಸ್ತಕ ಅಲ್ಲ ಅಮ್ಮಾ. ಲೈಬ್ರರಿಯಲ್ಲೇ ಕೂತು ಓದಬೇಕು, ಮನೆಗೆ ಕೊಡುವ ಹಾಗಿಲ್ಲ" ಎಂದು ನಮ್ಮ ಬಾಗಿಲಿಗೇ ಬಂದು ಹೇಳಿದರು. "ಆ ಮೆಟ್ಟಲಾ ಹತ್ತಲಿಕ್ಕೆ ನನ್ನ ಮೊಣಕಾಲು ಒಪ್ಪಬೇಕಲ್ರೀ" ಎಂದಳು ಅಜ್ಜಿ. ಮರುದಿನ ಸಂಜೆ ಐತಾಳರು ಪುಸ್ತಕದ ಜೊತೆ ‘ನಿಶ್ಶಬ್ದವಾಗಿರಿ’ ಬೋರ್ಡನ್ನೂ ಹೊತ್ತು ತಂದರು. ನಮ್ಮ ಕ್ಯಾಲೆಂಡರ್ ತೆಗೆದು ಆ ಮೊಳೆಗೆ ಬೋರ್ಡು ನೇತುಹಾಕಿ, "ಇನ್ನು ಸಂಜೆ ಹೊತ್ತು ಇದೇ ಲೈಬ್ರರಿ" ಎಂದು ಸ್ಟೂಲಿನ ಮೇಲೆ ಕೂತರು.

ಅಡುಗೆ, ಊಟ, ನಿದ್ದೆ ಎಲ್ಲಕ್ಕೂ ಇದ್ದದ್ದೇ ಒಂದು ಖೋಲಿ. ಅಮ್ಮನ ಒಗ್ಗರಣೆ ಚಟಪಟ ಎಂದರೆ ಐತಾಳರು ಬೋರ್ಡಿನ ಕಡೆ ನೋಡುತ್ತಿದ್ದರು. ಅಪ್ಪ ಕೆಮ್ಮಲು ಖೋಲಿಗಳ ಮುಂದಿನ ಗ್ಯಾಲರಿಗೆ ಹೋಗುತ್ತಿದ್ದ. ಲೈಬ್ರರಿಯೊಳಗೆ ತಿನ್ನಬಾರದೆಂದು ಐತಾಳರೂ ಅಮ್ಮ ಕೊಟ್ಟ ಅವಲಕ್ಕಿಯನ್ನು ಹೊಸಿಲಾಚೆ ನಿಂತೇ ಮುಗಿಸುತ್ತಿದ್ದರು, ಕಣ್ಣು ಪುಸ್ತಕದ ಮೇಲೆ. ಉಪ್ಪು ಕೇಳಲು ಬಂದ ಪಕ್ಕದ ಖೋಲಿಯ ಮರಾಠಿ ಹೆಂಗಸು, ನಮ್ಮೆಲ್ಲರ ಕಾಕು, ಕನ್ನಡ ಬೋರ್ಡು ಓದಲು ಬಾರದೆ, ನಮ್ಮೆಲ್ಲರ ಮೌನ ಕಂಡು, ಊರಲ್ಲಿ ಯಾರೋ ಹೋದರೆಂದು ಕಣ್ಣೊರೆಸಿಕೊಂಡು ಮರಳಿದರು. ಉಪ್ಪು ಮರೆತೇ ಹೋದರು.

ಅರ್ಧದವರೆಗೆ ಸರಸರ ಓದಿದ ಅಜ್ಜಿ ಆಮೇಲೆ ಹಾಳೆ ತಿರುವಲೇ ಇಲ್ಲ. ಪುಸ್ತಕ ವಾಪಸು ಕಳಿಸುವ ದಿನ ಹತ್ತಿರ ಬಂತು. "ಓದಿ ಮುಗಿಸಬೇಕಲ್ಲ ಅಮ್ಮಾ" ಎಂದು ಐತಾಳರು ಪಿಸುಗುಟ್ಟಿದರು. ಅಜ್ಜಿ ಹಾಳೆಯ ಮೇಲೆ ಕೈ ಇಟ್ಟು, "ಇಲ್ಲೀತನಕ ಅವರು ಓದಿ ಹೇಳಿದ್ರು. ಮುಂದ ಒಬ್ಬಾಕಿನೇ ಓದಲಿಕ್ಕೆ ಮನಸ್ಸು ಬರವಲ್ದು" ಎಂದಳು. ಐತಾಳರು ಎದ್ದು ಹೋಗಿ ಬೋರ್ಡನ್ನು ಗೋಡೆಗೆ ಮುಖ ಮಾಡಿ ತಿರುಗಿಸಿದರು. ಪುಸ್ತಕ ತೆಗೆದುಕೊಂಡು ಗಟ್ಟಿಯಾಗಿ ಓದತೊಡಗಿದರು.

ಕಾದಂಬರಿಯ ಧಾರವಾಡದ ನಾಯಕಿ ಅವರ ಬಾಯಲ್ಲಿ ಉಡುಪಿಯ ರಾಗದಲ್ಲಿ ಅತ್ತಾಗ ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು. ದಿನದಿನಕ್ಕೆ ಗ್ಯಾಲರಿ ತುಂಬಿತು. ಒಂದಕ್ಷರ ತಿಳಿಯದ ಕಾಕು ಕೂಡ ಮಣೆ ತಂದು ಕೂತರು. ಕಥೆ ಮುಗಿದ ಸಂಜೆ ಐತಾಳರು ನಮ್ಮ ಒಲೆಯಲ್ಲೇ ಅರಗು ಕಾಯಿಸಿ ಪಾರ್ಸೆಲಿಗೆ ಮುದ್ರೆ ಒತ್ತಿದರು. ಅಜ್ಜಿ ಕನ್ನಡಕ ಒರೆಸುತ್ತ, "ಇನ್ನ ಅಲ್ಲಿ ಹೋದ ಮ್ಯಾಲೆ ಅವರಿಗೆ ಉಳಿದ ಕಥಿ ನಾನಽ ಹೇಳಬಹುದು" ಎಂದಳು.

ಯಾರೂ ಮಾತಾಡಲಿಲ್ಲ. ಬೋರ್ಡು ಇನ್ನೂ ಗೋಡೆಗೆ ಮುಖ ಮಾಡಿಯೇ ಇತ್ತು.